ವಾಸ್ತು ಪ್ರಕಾರ ವಿಂಡೋ

ಗಾವಡಗೆರೆ ಪಕ್ಕದ ಹಾಲಿನ ಸಂಘಕ್ಕೆ ಕಂಪ್ಯೂಟರ್ ಬಂದದ್ದು ೨೦೦೭ರಲ್ಲಿ. ಸೆಕ್ರೆಟರಿ ಗೋವಿಂದಯ್ಯನವರು ವಾಸ್ತು ಕಲಿತದ್ದೂ ಅದೇ ವರ್ಷ. ಎರಡರ ನಡುವೆ ಸಿಕ್ಕಿಕೊಂಡವನು ಆಪರೇಟರ್ ಕನಕರಾಜು.

ಪರದೆಯ ಮೇಲ್ಭಾಗವೇ ಉತ್ತರ ಎಂದು ಗೋವಿಂದಯ್ಯ ತೀರ್ಮಾನಿಸಿಬಿಟ್ಟಿದ್ದರು. ಹಾಲಿನ ಪಟ್ಟಿಯ ವಿಂಡೋ ಈಶಾನ್ಯದಲ್ಲಿ, ಅಂದರೆ ಬಲಗಡೆ ಮೇಲಿನ ಮೂಲೆಯಲ್ಲೇ ಇರಬೇಕು. ದೂರಿನ ಪಟ್ಟಿ ನೈಋತ್ಯದಲ್ಲಿ, ಎಡಗಡೆ ಕೆಳಗೆ, ಚಿಕ್ಕದಾಗಿ. ಆದರೆ ತೆರೆದಾಗಲೆಲ್ಲ ಅವು ಇಷ್ಟ ಬಂದಲ್ಲಿ ಕೂರುತ್ತಿದ್ದವು. ಕನಕರಾಜು ಮೌಸ್ ಹಿಡಿದು ಎಳೆದೆಳೆದು ಸುಸ್ತಾಗಿದ್ದ.

"ಸಾರ್, ಮದ್ಯಾನ ರಜೆ ಬೇಕಿತ್ತು. ಹ್ಯಾಂಡ್‌ಪೋಸ್ಟ್‌ಗೆ ಹೆಣ್ ನೋಡಾಕ್ ಓಗ್ಬೇಕು," ಅಂದ ಆ ಸೋಮವಾರ.

ಹುಡುಗಿ ಹ್ಯಾಂಡ್‌ಪೋಸ್ಟ್ ಊರಿನ ಪವಿತ್ರಾ. ನೆಂಟರ ಮದುವೆಯಲ್ಲಿ ಒಮ್ಮೆ ಕಂಡು ಮನಸೋತಿದ್ದ. ರಜೆ ಸಿಗದೆ ಎರಡು ಸಲ ಹೋಗಲಾಗಿರಲಿಲ್ಲ. ಇವತ್ತೂ ಬರದಿದ್ದರೆ ಬೇರೆ ಗಂಡು ನೋಡುತ್ತೇವೆಂದು ಅವಳ ಅಪ್ಪ ಮುದ್ದಯ್ಯ ಹೇಳಿ ಕಳಿಸಿದ್ದರು.

"ನೀನ್ ಓದ್ರೆ ಈಶಾನ್ಯ ಯಾರ್ಲಾ ನೋಡ್ಕಳೋರು? ಅವು ತಾವಾಗೇ ಓಗಿ ಕೂತ್ಕಂಡ್ರೆ ನೀನೂ ಓಗು," ಅಂದರು ಗೋವಿಂದಯ್ಯ.

ಕನಕರಾಜುವಿಗೆ ಅಷ್ಟೇ ಬೇಕಿತ್ತು. ಆ ಕಂಪ್ಯೂಟರಿನಲ್ಲಿದ್ದದ್ದು ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ. ಯಾವ ವಿಂಡೋ, ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು ಎಂದು ಒಂದೇ ಸಾಲು ಬರೆದರೆ ತುಟಿಪಿಟಕ್ಕೆನ್ನದೆ ಸರಿಸಿಕೊಡುತ್ತಿತ್ತು. ಎಂಥ ಸೊಗಸಾದ ವಿದ್ಯೆ! ಅದನ್ನು ಊರಿಗೆಲ್ಲ ಹಂಚಿದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈಮುಗಿದು, ಎರಡು ಸಾಲು ಬರೆದು ಎಫ್-ನೈನ್ ಗುಂಡಿಗೆ ಜೋಡಿಸಿದ.

ಒತ್ತಿದ. ಹಾಲಿನ ಪಟ್ಟಿ ಪರದೆ ದಾಟಿ ಮಾಯವಾಯಿತು.

"ನನ್ನೆಸ್ರು ಎತ್ತಗ್ ಓಯ್ತು ಕಣಪ್ಪಾ!" ಹಾಲು ಹಾಕಲು ಬಂದಿದ್ದ ರಾಚಮ್ಮ ಕೂಗಿಕೊಂಡಳು. ಜನ ಸೇರಿತು. ಬರೆದ ಅಳತೆಯಲ್ಲಿ ಒಂದು ಸೊನ್ನೆ ಹೆಚ್ಚಾಗಿತ್ತು. ಬೆವರೊರೆಸಿಕೊಂಡು ಅಳಿಸಿದ, ಮತ್ತೆ ಒತ್ತಿದ.

ಸಂಜೆ ದನಗಳು ತಂತಮ್ಮ ಗೊಂತಿಗೆ ಹೋಗುವಂತೆ ಎರಡೂ ವಿಂಡೋಗಳು ತಂತಮ್ಮ ಮೂಲೆಗೆ ಹೋಗಿ ಕೂತವು.

"ಮೌಸ್ ಮುಟ್ನೇ ಇಲ್ಲ ಕಣ್ಲಾ!" ರಾಚಮ್ಮನ ಗಂಡ ಅಂಕಯ್ಯ ಬೆರಗಾಗಿ ತಾನೇ ಹತ್ತು ಸಲ ಒತ್ತಿ ನೋಡಿದ. ಗೋವಿಂದಯ್ಯನವರ ಕಣ್ಣು ತುಂಬಿ ಬಂತು. ಅವರು ಒಳಕೋಣೆಗೆ ಹೋದರು. ಬಸ್ಸಿಗೆ ಹತ್ತೇ ನಿಮಿಷ. ಕನಕರಾಜು ಖುಷಿಯಿಂದ ತಲೆ ಬಾಚಿಕೊಂಡ.

ಗೋವಿಂದಯ್ಯ ಹೊರಗೆ ಬಂದು ಕೇಳಿದರು: "ಹ್ಯಾಂಡ್‌ಪೋಸ್ಟ್ ಇಲ್ಲಿಂದ ಯಾವ್ ದಿಕ್ಲಾ?"

"ದಕ್ಷಿಣ, ಸಾರ್."

"ಜೀವ ಇಲ್ದಿರೋ ಕಿಟಕಿಗೊಳೇ ಒಳ್ಳೆ ದಿಕ್ ಹುಡುಕ್ಕಂಡ್ ಓಯ್ತವೆ. ನಿನ್ನಂಥ ಬುದ್ಧಿವಂತನ್ನ ಸುಭ ಕೆಲ್ಸಕ್ಕೆ ಯಮನ್ ದಿಕ್ಕಿಗ್ ಕಳಿಸ್ಲಾ? ಈಗ ಮುದ್ದಯ್ಯ ಫೋನ್ ಮಾಡಿದ್ದ. ನಮ್ ಉಡ್ಗ ಬರಾಕಿಲ್ಲ ಅಂದ್‌ಬುಟ್ಟೆ. ನಮ್ಮಕ್ಕನ್ ಮಗ್ಳು ಚುಂಚನಕಟ್ಟೇಲವ್ಳೆ. ನೆಟ್ಟಗೆ ಈಶಾನ್ಯ! ನಡಿ, ನಾನೇ ಕರ್ಕೊಂಡೋಯ್ತೀನಿ."

ಹೊರಗೆ ದಕ್ಷಿಣದ ಬಸ್ಸು ಹಾರ್ನ್ ಹೊಡೆದು ಹೊರಟಿತು. ಗೋವಿಂದಯ್ಯ ಕನಕರಾಜುವಿನ ಹೆಗಲು ಹಿಡಿದು ರಸ್ತೆಯ ಆಚೆ ಬದಿಗೆ ಕರೆದೊಯ್ದು, ಈಶಾನ್ಯಕ್ಕೆ ಮುಖ ತಿರುಗಿಸಿ ನಿಲ್ಲಿಸಿದರು.