ನಮ್ಮ ರೇಡಿಯೊ ಯಾರು ಕೇಳ್ತಾರೆ?

ದೇವರಿಗೆ ನಗಬೇಕೆನಿಸಿದಾಗಲೆಲ್ಲ ಹಿರಿಯೂರಿನ ನಮ್ಮ ಕಾಲೇಜು ರೇಡಿಯೊ ಕಡೆ ಕಣ್ಣು ಹಾಯಿಸುತ್ತಾನೆ ಎಂದೇ ನನ್ನ ನಂಬಿಕೆ. ಅಲ್ಲಿ ನಾನು ಉದ್ಘೋಷಕ. ಸುತ್ತಲ ಊರಿನವರು ಹಾಡುವ ಪದಗಳಿಗೆ ಮಧ್ಯಾಹ್ನ ಅರ್ಧ ಗಂಟೆ ಇಟ್ಟಿದ್ದೆ.

"ಯಾರು ಕೇಳ್ತಾರ್ರಿ ಇದನ್ನ? ಒಬ್ಬ ಕೇಳುಗನ್ನ ತೋರಿಸ್ರಿ. ಇಲ್ಲಾಂದ್ರೆ ತಿಂಗಳ ಕೊನೆಗೆ ನಿಲ್ಸಿ ಸಿನಿಮಾ ಹಾಡು ಹಾಕಾಣ" ಅಂದರು ಪ್ರಿನ್ಸಿಪಾಲರು.

ಗಾಳಿಗೆ ಬಿಟ್ಟ ಹಾಡು ಯಾವ ಮನೆಗೆ ಹೋಗಿ ಕೂರುತ್ತದೋ ಎಂಬ ಕುತೂಹಲ ನನಗೂ ಇತ್ತು. ಮೈಕಿಗೆ ಕೈಮುಗಿದು, "ಒಬ್ಬರನ್ನಾದರೂ ಕೊಡಪ್ಪ" ಎಂದು ಬೇಡಿಕೊಂಡೆ.

೧. ಯಾವ ಪಿಚ್ಚರ್ದು?

ನಮ್ಮ ಹುಡುಗರು ಗಿಟಾರ್ ಹಿಡಿದು, ಮಾರಿಕಣಿವೆ ಅಣೆಕಟ್ಟೆಯ ಕುರಿತು ತಾವೇ ಕಟ್ಟಿದ ಹಾಡು ಹಾಡಿದರು. ಜಾಹೀರಾತು ಕೊಡಲು ಬಂದು ಹೊರಗೆ ಕೂತಿದ್ದ ತೆಂಗಿನಕಾಯಿ ಮಂಡಿಯ ಯಜಮಾನರು ತಲೆದೂಗಿದರು.

"ಯಾವ ಪಿಚ್ಚರ್ದಪ್ಪ ಇದು?"

"ಯಾವ ಪಿಚ್ಚರ್ದೂ ಅಲ್ಲ ಯಜಮಾನ್ರೇ, ನಮ್ದೇ."

ಅವರ ಮುಖ ಸಪ್ಪಗಾಯಿತು. ಹೆಣ್ಣು ಸಿಗದ ವರನಿಗೆ ಹೇಳುವಂತೆ ಹೇಳಿದರು: "ಬೇಜಾರ್ ಮಾಡ್ಕಬ್ಯಾಡ್ರಪ್ಪ. ದೇವ್ರು ಎಲ್ಲೋ ಒಂದು ಪಿಚ್ಚರ್ ಬರ್ದೇ ಇರ್ತಾನೆ."

೨. ಹೂಂಗುಡುವವರು

ಕುರಿ ಕಾಯುವ ಅಜ್ಜ ಒಬ್ಬರು ಕಥೆಯ ಪದ ಶುರುಮಾಡಿ ಗಪ್ಪನೆ ನಿಲ್ಲಿಸಿಬಿಟ್ಟರು. "ಹೂಂ ಅನ್ನೋರು ಯಾರು?" ಮಾತಾಡಬಾರದೆಂಬ ಗೋಡೆಯ ಹಲಗೆ ತೋರಿಸಿದೆ. "ಮತ್ತೆ ಗೋಡೆಗೆ ಹಾಡ್ಲೇನಪ್ಪ?" ಅಂದರು. ಪಕ್ಕ ಕೂತು ಭಕ್ತಿಯಿಂದ ಹೂಂಗುಟ್ಟಿದೆ.

ಮುಗಿದ ಮೇಲೆ ಆಚೆ ಕೋಣೆಯ ತಂತ್ರಜ್ಞ ಓಡಿ ಬಂದ: "ಹಾಡು ಚೆನ್ನಾಗೈತೆ ಸಾರ್. ಆದ್ರೆ ನರಳ್ತಿದ್ದೋರು ಯಾರು? ಡಾಕ್ಟ್ರನ್ನ ಕರೀಲಾ?"

೩. ಮಂಗಳ

ತಿಂಗಳ ಕೊನೆಯ ದಿನ ಹರಿಯಬ್ಬೆ ಹಳ್ಳಿಯ ಹೆಂಗಸರ ಭಜನೆ ಮೇಳ ಬಂತು. ದೇವರ ಪದ ಎತ್ತಿದರೆ ಮಂಗಳ ಹಾಡುವವರೆಗೆ ಹಾಡುವವರೂ ಏಳಬಾರದು, ಕೇಳುವವರೂ ಏಳಬಾರದು. ಅದು ಅವರ ಪದ್ಧತಿ. ಹೊತ್ತು ಮೀರಿತೆಂದು ಕೈಸನ್ನೆ ಮಾಡಿದೆ. ಅವರು ಕಣ್ಣು ಮುಚ್ಚಿ ಇನ್ನೊಂದು ಪದ ಎತ್ತಿದರು. ಆಚೆ ಕೋಣೆಯಲ್ಲಿ ಫೋನು ಬಡಕೊಂಡಿತು. ಓಡಿಹೋಗಿ ನೋಡಿದರೆ ಪ್ರಿನ್ಸಿಪಾಲರ ನಂಬರು! ದೇವರ ಹೆಸರು ಹೇಳಿ ಎತ್ತಿದೆ.

"ಏನ್ರೀ, ಬೇಗ ಮಂಗಳ ಹಾಡಿಸ್ರಿ!"

"ಯಾಕೆ ಸಾರ್?"

"ನಮ್ಮವ್ವ ರೇಡಿಯೊ ಮುಂದೆ ಕುಂತೈತೆ, ಏಳ್ತಿಲ್ಲ. ನನ್ ಹೆಂಡ್ತೀನೂ ಕುಂತವಳೆ, ಪಕ್ಕದ ಮನೆಯೋರೂ ಬಂದು ಕುಂತವ್ರೆ. ಎಲೆ ಹಾಕ್ಕಂಡು ಊಟಕ್ಕೆ ನಾನೊಬ್ನೇ ಕುಂತಿದೀನಿ!"

"ಸಾರ್, ಒಬ್ಬ ಕೇಳುಗನ್ನ ತೋರಿಸ್ರಿ ಅಂದಿದ್ರಿ..."

ಅಷ್ಟರಲ್ಲಿ ಫೋನಿನೊಳಗೆ ಮುದುಕಿಯ ದನಿ ಗುಡುಗಿತು: "ಲೇ, ಬಾಯ್ಮುಚ್ಚೋ! ಪದ ಕೇಳುಸ್ತಿಲ್ಲ!"

ಪ್ರಿನ್ಸಿಪಾಲರು ಪಿಸುಗುಟ್ಟಿದರು: "ಆಯ್ತ್ರೀ, ನಿಮ್ಮ ಪ್ರೋಗ್ರಾಂ ಇರ್ಲಿ. ನಾಳೆಯಿಂದ ಊಟ ಆದ್ಮೇಲೆ ಇಟ್ಕಳ್ರಿ."