ಧಾರವಾಡದ ಅರಬ್ಬಿ

ಕುವೈತಿನಲ್ಲಿ ಹನ್ನೆರಡು ವರ್ಷ ಇದ್ದೂ ನಾನು ಅರಬ್ಬಿ ಕಲಿಯಲಿಲ್ಲ. ಸೋಮಾರಿತನದಿಂದ ಅಲ್ಲ. ಕಲಿಯುವ ಅಗತ್ಯವೇ ಇಲ್ಲವೆಂದು ಸಂಶೋಧನೆಯಿಂದ ಕಂಡುಕೊಂಡಿದ್ದೆ.

ಸಂಶೋಧನೆಯ ಸಾರ ಇಷ್ಟು. ಧಾರವಾಡದಲ್ಲಿ ಹುಟ್ಟಿದವನಿಗೆ ಅರ್ಧ ಅರಬ್ಬಿ ಹುಟ್ಟಿನಿಂದಲೇ ಬಂದಿರುತ್ತದೆ. ಅವರು ಕುರ್ಸಿ ಅಂದರೆ ನಾವು ಕುರ್ಚಿ ಅನ್ನುತ್ತೇವೆ. ಅವರ ಸಾಬೂನ್ ನಮ್ಮ ಸಾಬೂನು, ಅವರ ಸಂದೂಕ್ ನಮ್ಮ ಸಂದೂಕ. ಖಾಲಿ ಅಂದರೆ ಎರಡೂ ಕಡೆ ಖಾಲಿಯೇ. ಸವಾಲು, ಜವಾಬು, ಹವಾ, ದುನಿಯಾ ಇವೆಲ್ಲ ನಮ್ಮ ಮನೆಯಂಗಳದಲ್ಲಿ ಓಡಾಡಿಕೊಂಡಿದ್ದ ಮಾತುಗಳು. ಉಳಿದ ಅರ್ಧಕ್ಕೆ ಕೈಸನ್ನೆ ಇದೆ, ನಡಿ ಅನ್ನಲು ಯಲ್ಲಾ ಇದೆ, ಮುಗಿಯಿತು ಅನ್ನಲು ಖಲಾಸ್ ಇದೆ. ನಾನು ನೀರಿನ ಪಂಪುಗಳ ರಿಪೇರಿ ನೋಡಿಕೊಳ್ಳುವ ಇಂಜಿನಿಯರು. ಪಂಪುಗಳು ಯಾವ ಭಾಷೆಯಲ್ಲಿ ಬೈದರೂ ಕೇಳಿಸಿಕೊಳ್ಳುತ್ತಿದ್ದವು. ಹಾಗಾಗಿ ನನ್ನ ಸಿದ್ಧಾಂತಕ್ಕೆ ಹನ್ನೆರಡು ವರ್ಷ ಯಾವ ಪರೀಕ್ಷೆಯೂ ಎದುರಾಗಲಿಲ್ಲ.

ಪರೀಕ್ಷೆ ಬಂದದ್ದು ಮಗಳ ಶಾಲೆಯಲ್ಲಿ.

ಆ ಶಾಲೆಯ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಈ ಕಥೆಯಲ್ಲಿ ಹೆಮ್ಮೆಪಡುವಂಥದ್ದೇನಾದರೂ ಇದ್ದರೆ ಅದು ಅಲ್ಲಿನದು. ಕುವೈತಿನ ಖೈತಾನ್ ಬಡಾವಣೆಯ ಒಂದು ಹಳೆಯ ಎರಡಂತಸ್ತಿನ ಮನೆಯೇ ಶಾಲೆ. ಇರಾಕಿನ ಜೊತೆಗಿನ ಯುದ್ಧಕ್ಕೆ ಮೊದಲು ಮುನ್ನೂರು ಮಕ್ಕಳಿದ್ದರು. ಯುದ್ಧ ಮುಗಿದು, 1991ರ ಸೆಪ್ಟೆಂಬರಿನಲ್ಲಿ ಮತ್ತೆ ಬಾಗಿಲು ತೆರೆದಾಗ ನಲವತ್ತಮೂರು. ಬೆಂಚು, ಫ್ಯಾನು, ಕಡೆಗೆ ನಲ್ಲಿಯ ತಿರುಪು ಕೂಡ ಲೂಟಿಯಾಗಿತ್ತು. ಅಡುಗೆಮನೆಯನ್ನೂ ಬಿಡದೆ ಏಳು ಕೋಣೆಗಳಲ್ಲಿ ಏಳು ತರಗತಿ ಮಾಡಿದ್ದರು. ಇನ್ನೂ ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆ ಈ ಕಡೆ ತಿರುಗಿದ ದಿನ ದೊಡ್ಡವರು ಚಿಕ್ಕವರು ಸೇರಿ ಮೊದಲು ಕಿಟಕಿ ಒರೆಸುತ್ತಿದ್ದರು, ಆಮೇಲೆ ಪಾಠ. ಶಿಕ್ಷಕರು ಐದೇ ಜನ. ಉಳಿದ ಪಾಠವನ್ನು ಹತ್ತನೆಯ ತರಗತಿಯ ಆರು ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಯಾರಿಗಾದರೂ ಲೆಕ್ಕ ತಿಳಿಯದಿದ್ದರೆ ಬೈಗುಳ ಇರಲಿಲ್ಲ. ತಿಳಿದವರು ಬಂದು ಪಕ್ಕದಲ್ಲಿ ಕೂರುತ್ತಿದ್ದರು, ಅಷ್ಟೇ.

ಮುಖ್ಯೋಪಾಧ್ಯಾಯಿನಿ ಫಿಲೋಮಿನಾ ಮೇಡಂ ಮಂಗಳೂರಿನವರು. ಅವರು ಒಂದು ಪದ್ಧತಿ ಹಾಕಿದ್ದರು. ತಿಂಗಳ ಕೊನೆಯ ಬುಧವಾರ ಎಲ್ಲರೂ ಸೇರಬೇಕು, ಪ್ರತಿಯೊಬ್ಬರೂ ಎದ್ದು ನಿಂತು ಆ ತಿಂಗಳು ಕಲಿತ ಒಂದು ಸಂಗತಿ ಹೇಳಬೇಕು. ಮಕ್ಕಳಷ್ಟೇ ಅಲ್ಲ, ಶಿಕ್ಷಕರು, ತಂದೆತಾಯಿಗಳು, ಗೇಟು ಕಾಯುವ ಈಜಿಪ್ಟಿನ ಅಬು ಸಯ್ಯದ್ ಕೂಡ. ಸೆಪ್ಟೆಂಬರಿನಲ್ಲಿ ಅಬು ಸಯ್ಯದ್ ಎದ್ದು, ಇಂಗ್ಲಿಷಿನಲ್ಲಿ 'ಗುಡ್ ಮಾರ್ನಿಂಗ್' ಕಲಿತೆ ಎಂದು ಸಂಜೆ ಐದು ಗಂಟೆಗೆ ಹೇಳಿದ. ಜೋರು ಚಪ್ಪಾಳೆ ಬಿತ್ತು. ನನ್ನ ಸರದಿ ಬಂದಾಗ ನಾನು ಎದ್ದು, ನನಗೆ ಅರಬ್ಬಿ ಮೊದಲಿನಿಂದಲೂ ಬರುತ್ತಿತ್ತೆಂಬುದನ್ನು ಈ ತಿಂಗಳು ಕಲಿತೆ ಎಂದು ಘೋಷಿಸಿ, ಕುರ್ಸಿ-ಕುರ್ಚಿಯ ಸಿದ್ಧಾಂತವನ್ನು ಹತ್ತು ನಿಮಿಷ ಮಂಡಿಸಿದೆ. ನನಗೂ ಚಪ್ಪಾಳೆ ಬಿತ್ತು. ನನ್ನ ಹೆಂಡತಿ ಶಾಂತಾ ಮಾತ್ರ ನೆಲ ನೋಡುತ್ತಿದ್ದಳು.

ಅಕ್ಟೋಬರಿನಲ್ಲಿ ಮೇಡಂ ಫೋನ್ ಮಾಡಿದರು. ಶಿಕ್ಷಣ ಖಾತೆಯ ಒಬ್ಬ ಅಧಿಕಾರಿ ಆ ತಿಂಗಳ ಕೊನೆಯ ಬುಧವಾರವೇ ಬಂದು ಶಾಲೆ ನೋಡುತ್ತಾರೆ, ಅವರು ಒಪ್ಪಿದರೆ ಮಾತ್ರ ಹತ್ತನೆಯ ತರಗತಿ ಮುಂದುವರಿಸಲು ಅನುಮತಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅರಬ್ಬಿ ಟೀಚರಿಗೆ ಇನ್ನೂ ವೀಸಾ ಬಂದಿಲ್ಲ, ಕೈರೋದಲ್ಲೇ ಇದ್ದಾರೆ. ನೀವು ಬಂದು ಮಾತಾಡಬಹುದಾ ಎಂದು ಕೇಳಿದರು. ಜೊತೆಗೆ ಶಾಲೆಯ ತಿಂಗಳ ಪತ್ರಿಕೆಯನ್ನೂ ಒಂದಿಷ್ಟು ಅಚ್ಚು ಹಾಕಿಸಿಕೊಡಲು ಹೇಳಿದರು. ನಾನು ಎರಡಕ್ಕೂ ಒಪ್ಪಿದೆ.

ಅನುಮತಿ ಸಿಗದಿದ್ದರೆ ಏನಾಗುತ್ತದೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹತ್ತನೆಯ ತರಗತಿಯ ಆ ಆರು ಮಕ್ಕಳಲ್ಲಿ ನನ್ನ ಮಗಳು ವೀಣಾ ಒಬ್ಬಳು. ಹಿಂದಿನ ವರ್ಷ ಯುದ್ಧದ ಗದ್ದಲದಲ್ಲಿ ಮೂವರೂ ಊರಿಗೆ ಓಡಿದ್ದೆವು. ಮೇ ತಿಂಗಳಲ್ಲಿ ನಾನೊಬ್ಬನೇ ಕೆಲಸಕ್ಕೆ ಮರಳಿದೆ. ತಾಯಿ ಮಗಳು ಬಂದು ಇನ್ನೂ ಎರಡೇ ತಿಂಗಳಾಗಿತ್ತು. ಇಲ್ಲಿ ಹತ್ತನೆಯ ತರಗತಿ ಇಲ್ಲವೆಂದರೆ ವೀಣಾ ಮತ್ತೆ ಊರಿಗೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕು. ಮಗಳನ್ನು ಇನ್ನೊಮ್ಮೆ ವಿಮಾನ ಹತ್ತಿಸುವ ಧೈರ್ಯ ನನಗಿರಲಿಲ್ಲ.

"ಹತ್ತನೇತ್ತಾದ ಹಣೆಬರಹ ನಿಮ್ಮ ಅರಬ್ಬಿ ಮ್ಯಾಲೆ ನಿಂತದೇನು?" ಎಂದಳು ಶಾಂತಾ.

"ಚಿಂತೀ ಮಾಡಬ್ಯಾಡ. ನಾ ನೋಡ್ಕೋತೀನಿ," ಎಂದೆ.

"ಅದಕ್ಕ ಚಿಂತೀ ಆಗೇದ," ಎಂದಳು.

ಮಂಗಳವಾರ ಪತ್ರಿಕೆಯ ಕೆಲಸಕ್ಕೆ ಹೋದೆ. ಶಾಲೆಯಲ್ಲಿ ಕೈಯಿಂದ ತಿರುಗಿಸುವ ಒಂದು ಹಳೆಯ ಸೈಕ್ಲೋಸ್ಟೈಲ್ ಯಂತ್ರವಿತ್ತು. ಲೂಟಿ ಮಾಡಿದವರೂ ಅದನ್ನು ಮುಟ್ಟಿರಲಿಲ್ಲ ಎಂದ ಮೇಲೆ ಅದರ ಯೋಗ್ಯತೆ ನನಗೆ ತಿಳಿಯಬೇಕಿತ್ತು. ಸ್ಟೆನ್ಸಿಲ್ ತಯಾರಿತ್ತು, ಕಾಗದ ಇತ್ತು, ಶಾಯಿ ಇರಲಿಲ್ಲ. ಆಕಾಶದಿಂದ ಮಸಿ ಸುರಿಯುತ್ತಿದ್ದ ಊರಿನಲ್ಲಿ ಶಾಯಿಗೆ ಬರ. ಅಬು ಸಯ್ಯದನನ್ನು ಕರೆದು, ಮೂಲೆಯ ಅಂಗಡಿಯಿಂದ ಶಾಯಿ ತರಲು ಹೇಳಿದೆ.

ಅರಬ್ಬಿಯಲ್ಲಿ ಶಾಯ್ ಅಂದರೆ ಚಹಾ ಎಂದು ನನಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಹನ್ನೆರಡು ವರ್ಷ ದಿನಕ್ಕೆ ಆರು ಗ್ಲಾಸು ಕುಡಿದಿದ್ದೇನೆ. ಆದರೆ ಕೊನೆಯ ಅಕ್ಷರವನ್ನು ಎಳೆದು 'ಶಾಯೀ' ಎಂದರೆ ಅದು ಬರೆಯುವ ಶಾಯಿ ಆಗುತ್ತದೆ ಎಂಬುದು ನನ್ನ ವ್ಯಾಕರಣ. ಗೊಂದಲ ಬೇಡವೆಂದು ಕಪ್ಪು ಅನ್ನಲು ಅಸ್ವದ್ ಎಂದೆ, ಬಹಳ ಅನ್ನಲು ಕತೀರ್ ಎಂದೆ, ಯಂತ್ರದ ಕಡೆ ಬೆರಳು ಮಾಡಿ ಮಕೀನಾ ಎಂದೆ. ಅವನು ಯಂತ್ರ ನೋಡಿದ, ನನ್ನನ್ನು ನೋಡಿದ, ಹೋದ.

ಅರ್ಧ ಗಂಟೆಯಲ್ಲಿ ದೊಡ್ಡ ಕೆಟಲಿನ ತುಂಬ ಹಾಲಿಲ್ಲದ ಕಪ್ಪು ಚಹಾ ಬಂತು, ಜೊತೆಗೆ ಇಪ್ಪತ್ತು ಗ್ಲಾಸುಗಳ ತಟ್ಟೆ. ನಾನು ಬೆರಳು ಮಾಡಿದ ಜಾಗದಲ್ಲೇ, ಯಂತ್ರದ ನೆತ್ತಿಯ ಮೇಲೆ, ಅವನು ವಿಧೇಯನಾಗಿ ಕೆಟಲ್ ಇಟ್ಟ. ನಾನು ಗಾಬರಿಯಾಗಿ ಅದನ್ನು ಎತ್ತಲು ಹೋದೆ. ಕೆಟಲಿನ ಹಿಡಿ ನನ್ನ ಕೈಗೆ ಬಂತು. ಕೆಟಲ್ ಬರಲಿಲ್ಲ.

ಸಕ್ಕರೆ ಧಾರಾಳವಾಗಿ ಹಾಕಿದ್ದ ಚಹಾ ಯಂತ್ರದ ಹೊಟ್ಟೆಗೆ ಇಳಿಯಿತು. ಪಂಪಿನ ಇಂಜಿನಿಯರ್ ಆದ ನಾನು ಹಿಡಿಕೆ ತಿರುಗಿಸಿ ಅದನ್ನು ಹೊರಹಾಕಲು ನೋಡಿದೆ. ಯಂತ್ರ ಮೂರು ಸುತ್ತು ತಿರುಗಿ, ಸ್ಟೆನ್ಸಿಲನ್ನು ನುಂಗಿ, ಖಲಾಸ್ ಆಯಿತು. ಆ ತಿಂಗಳ ಪತ್ರಿಕೆ ಒಂದೇ ಒಂದು ಪ್ರತಿ ಹೊರಬಂತು, ಕಂದು ಬಣ್ಣದ್ದು, ಏಲಕ್ಕಿ ವಾಸನೆಯದು.

ಫಿಲೋಮಿನಾ ಮೇಡಂ ಬಂದು ನೋಡಿದರು. ಬೈಯಲಿಲ್ಲ. ಆ ಶಾಲೆಯಲ್ಲಿ ಬೈಯುವುದಿಲ್ಲವಲ್ಲ. "ಪರವಾಗಿಲ್ಲ, ಚಹಾ ಉಂಟಲ್ಲ, ಎಲ್ಲರೂ ಕುಡಿಯುವ," ಎಂದು ಕೆಟಲಿನಲ್ಲಿ ಉಳಿದದ್ದನ್ನು ಹಂಚಿಸಿದರು. ಅಷ್ಟರಲ್ಲಿ ಮಕ್ಕಳು ತಾವಾಗಿಯೇ ಚಾಪೆ ಹಾಸಿ ಕೂತರು. ನಲವತ್ತಮೂರು ಮಕ್ಕಳು, ಒಬ್ಬೊಬ್ಬರು ಒಂದೊಂದು ಪ್ರತಿ ಕೈಯಲ್ಲಿ ಬರೆದರು. ಬರೆಯಲು ಬಾರದ ಪುಟ್ಟವರು ಚಿತ್ರ ಹಾಕಿದರು. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಯಂತ್ರ ಸರಿಯಿದ್ದರೆ ಇಷ್ಟು ಚೆಂದದ ಪತ್ರಿಕೆ ಬರುತ್ತಿರಲಿಲ್ಲ ಎಂದು ನಾನು ಶಾಂತಾಗೆ ಹೇಳಿದೆ. ಅವಳು ನನ್ನ ಅಂಗಿಯ ಕಂದು ಕಲೆಗಳನ್ನು ಉಜ್ಜುತ್ತಿದ್ದಳು.

ಬುಧವಾರ ಅಧಿಕಾರಿ ಬಂದರು. ಬಿಳಿ ಉಡುಪಿನ, ಐವತ್ತು ದಾಟಿದ ಗಂಭೀರ ಮನುಷ್ಯ. ನಾನು ಕುರ್ಸಿ ತೋರಿಸಿದೆ. ಕೂತರು. ಸಿದ್ಧಾಂತ ಕೆಲಸ ಮಾಡಿತು ಎಂದು ಖುಷಿಯಿಂದ ಮೇಡಂ ಕಡೆ ನೋಡಿದೆ.

ಅವರು ಫೈಲು ಬಿಚ್ಚಿ, ಶಾಲೆಯಲ್ಲಿ ಎಷ್ಟು 'ಫಸಲ್' ಎಂದು ಕೇಳಿದರು. ಎಷ್ಟು ಎಂಬುದು ಅರ್ಥವಾಯಿತು. ಫಸಲಂತೂ ನಮ್ಮದೇ ಮಾತು. ಬೇಸಾಯದ ವಿಷಯ ಇಲ್ಲೇಕೆ ಬಂತೆಂದು ಒಂದು ಕ್ಷಣ ಅನ್ನಿಸಿತು, ಆದರೆ ಸರಕಾರದವರು ಏನನ್ನೂ ಕೇಳಬಹುದು. ಪ್ರಾಮಾಣಿಕವಾಗಿಯೇ ಉತ್ತರಿಸಿದೆ: "ಮಾ ಫೀ ಫಸಲ್. ಬಸ್ ರಮಲ್." ಫಸಲು ಇಲ್ಲ, ಬರೀ ಮರಳು. ಅವರು ನನ್ನನ್ನು ದೀರ್ಘವಾಗಿ ನೋಡಿ ಬರೆದುಕೊಂಡರು.

ಮುಂದೆ ಏನೋ ಉದ್ದವಾಗಿ ಕೇಳಿದರು. ಅದರಲ್ಲಿ ನನಗೆ ಸಿಕ್ಕಿದ್ದು 'ತಕ್ರಾರ್' ಎಂಬ ಒಂದು ಮಾತು. ಓಹೋ, ಯಾರೋ ತಕರಾರು ಅರ್ಜಿ ಹಾಕಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಹೇಳಿದೆ, ತಕ್ರಾರ್ ಇಲ್ಲ, ಎಂದೂ ಇಲ್ಲ, ಮುಂದೆಯೂ ಇರುವುದಿಲ್ಲ. ಅದನ್ನೂ ಬರೆದುಕೊಂಡರು.

ಅವರ ಮುಖ ಬಿಗಿಯಾಗುತ್ತಿರುವುದು ಕಂಡು, ಕರುಣೆ ಹುಟ್ಟಿಸುವುದೇ ದಾರಿ ಎಂದು ನಿಶ್ಚಯಿಸಿದೆ. ನಮ್ಮ ಶಾಲೆ ಗರೀಬ್ ಎಂದೆ. ಮಕ್ಕಳೆಲ್ಲ ಗರೀಬ್. ಮುಖ್ಯೋಪಾಧ್ಯಾಯಿನಿಯ ಕಡೆ ಕೈ ತೋರಿಸಿ, ಅವರು ಎಲ್ಲರಿಗಿಂತ ಗರೀಬ್. ಕೊನೆಗೆ ಎದೆ ಮುಟ್ಟಿಕೊಂಡು, ನಾನೂ ಗರೀಬ್ ಎಂದೆ. ಅಧಿಕಾರಿ ಅದೊಂದಕ್ಕೆ ಮಾತ್ರ ತಲೆಯಾಡಿಸಿ, ಫೈಲು ಮುಚ್ಚಿ ಎದ್ದು ನಿಂತರು.

"ನೀವು ಎಂತ ಹೇಳಿದ್ದು ಅವರಿಗೆ?" ಎಂದು ಮೇಡಂ ಮೆಲ್ಲಗೆ ಕೇಳಿದರು. ಹಾಸ್ಟೆಲಿನ ಕಬ್ಬಿಣದ ಮಂಚವೊಂದು ನನ್ನ ಕಣ್ಣ ಮುಂದೆ ಬಂತು.

ಆಗ ನಾಲ್ಕನೆಯ ತರಗತಿಯ ಎಂಟು ಮಕ್ಕಳನ್ನು ಸಾಲು ಮಾಡಿಕೊಂಡು ವೀಣಾ ಒಳಗೆ ಬಂದಳು. ಅವರು ಕಲಿತದ್ದನ್ನು ಒಪ್ಪಿಸುವ ಹೊತ್ತಾಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ಅರಬ್ಬಿಯಲ್ಲಿ ತಮ್ಮ ಹೆಸರು, ವಯಸ್ಸು, ಮನೆಯ ವಿಳಾಸ ಹೇಳಿದರು. ಎಡವಿದವರಿಗೆ ವೀಣಾ ಮೆಲ್ಲಗೆ ಪದ ಎತ್ತಿಕೊಟ್ಟಳು. ಅಧಿಕಾರಿ ಮತ್ತೆ ಕೂತರು. ಇವರಿಗೆ ಕಲಿಸಿದ್ದು ಯಾರೆಂದು ಕೇಳಿದ್ದಿರಬೇಕು, ಎಂಟು ಬೆರಳುಗಳು ನನ್ನ ಮಗಳ ಕಡೆ ತಿರುಗಿದವು.

ವೀಣಾ ಅಧಿಕಾರಿಯೊಡನೆ ಮಾತಾಡತೊಡಗಿದಳು. ತಡವರಿಸದೆ, ಕೈ ತಿರುಗಿಸದೆ, ಒಂದು ಯಲ್ಲಾ ಕೂಡ ಇಲ್ಲದೆ! ಮೂರನೆಯ ತರಗತಿಯಿಂದ ಅವಳು ಶಾಲೆಯಲ್ಲಿ ಅರಬ್ಬಿ ಕಲಿಯುತ್ತಿದ್ದಳು. ಆ ಪುಸ್ತಕಗಳಿಗೆ ಪ್ರತಿ ವರ್ಷ ಕಂದು ಕಾಗದದ ಹೊದಿಕೆ ಹಾಕಿಕೊಟ್ಟವನು ನಾನೇ. ಅದನ್ನು ಅವಳು ಓದಿರಬಹುದು ಎಂಬುದೊಂದು ನನಗೆ ಹೊಳೆದಿರಲಿಲ್ಲ. ನಡುವೆ ಅಧಿಕಾರಿ ನನ್ನತ್ತ ಕೈ ತೋರಿಸಿ ಏನೋ ಕೇಳಿದರು. ಅವಳು ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಳು.

"ಅಪ್ಪಾ, ಫಸಲ್ ಮೀನ್ಸ್ ಕ್ಲಾಸ್‌ರೂಮ್," ಎಂದಳು. "ಯು ಟೋಲ್ಡ್ ಹಿಮ್ ವಿ ಹ್ಯಾವ್ ನೋ ಕ್ಲಾಸ್‌ರೂಮ್ಸ್. ಓನ್ಲಿ ಸ್ಯಾಂಡ್."

ತಕ್ರಾರ್ ಅಂದರೆ ಮತ್ತೆ ಮತ್ತೆ ಮಾಡುವುದು. ವರ್ಷ ಕಳೆದುಕೊಂಡ ಮಕ್ಕಳಿಗೆ ಹಳೆಯ ಪಾಠ ಮತ್ತೆ ಹೇಳಿಕೊಡುತ್ತೀರಾ ಎಂದು ಅವರು ಕೇಳಿದ್ದರು. ಎಂದೂ ಇಲ್ಲ, ಮುಂದೆಯೂ ಇಲ್ಲ ಎಂದು ನಾನು ಭರವಸೆ ಕೊಟ್ಟಿದ್ದೆ. ಇನ್ನು ಗರೀಬ್ ಅಂದರೆ ಅಲ್ಲಿ ಬಡವ ಅಲ್ಲ, ವಿಚಿತ್ರ. ಶಾಲೆ ವಿಚಿತ್ರ, ಮಕ್ಕಳು ವಿಚಿತ್ರ, ಮೇಡಂ ಎಲ್ಲರಿಗಿಂತ ವಿಚಿತ್ರ. ಅವರು ತಲೆಯಾಡಿಸಿದ್ದು ಯಾವುದಕ್ಕೆಂದು ಆಗ ತಿಳಿಯಿತು.

ವೀಣಾ ಅಧಿಕಾರಿಯನ್ನು ಕರೆದುಕೊಂಡು ಹೊರಟಳು. ಎಂಟು ಮಕ್ಕಳು ಒಂದೊಂದು ಕೋಣೆಯ ಬಾಗಿಲಲ್ಲೂ ಅರಬ್ಬಿಯಲ್ಲಿ ಗಟ್ಟಿಯಾಗಿ ಎಣಿಸಿದರು. ಅಡುಗೆಮನೆಗೆ ಬಂದಾಗ ಏಳು ಆಯಿತು. ಅಲ್ಲಿ ಹತ್ತನೆಯ ತರಗತಿಯ ಒಬ್ಬ ಹುಡುಗಿ ಮೂವರು ಚಿಕ್ಕವರನ್ನು ಕೂರಿಸಿಕೊಂಡು ಹೋದ ವರ್ಷದ ಭಾಗಾಕಾರ ಹೇಳಿಕೊಡುತ್ತಿದ್ದಳು. ಅಧಿಕಾರಿ ಬಾಗಿಲಲ್ಲೇ ನಿಂತು ಆ ಲೆಕ್ಕ ಮುಗಿಯುವವರೆಗೂ ನೋಡಿದರು. ಕೈಬರಹದ ಪತ್ರಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಫೈಲು ಬಿಚ್ಚಿ, ನನ್ನ ಉತ್ತರಗಳ ಮೇಲೆ ಉದ್ದಕ್ಕೆ ಒಂದು ಗೀಟೆಳೆದು, ಕೆಳಗೆ ಸಹಿ ಮಾಡಿದರು. ಹತ್ತನೆಯ ತರಗತಿಗೆ ಅನುಮತಿ ಸಿಕ್ಕಿತು. ಮೇಡಂ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ನನಗೆ ಅಷ್ಟು ಹೆಮ್ಮೆ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ, ಅದರಲ್ಲಿ ನನ್ನ ಪಾಲು ಸೊನ್ನೆಯಾಗಿದ್ದರೂ.

ಪದ್ಧತಿಯಂತೆ ಎಲ್ಲರೂ ಸೇರಿದೆವು. ಅಧಿಕಾರಿಯೂ ಉಳಿದರು, ಮೊದಲು ತಾವೇ ಎದ್ದರು. ಅವರ ಮಾತನ್ನು ವೀಣಾ ಇಂಗ್ಲಿಷಿನಲ್ಲಿ ಹೇಳಿದಳು. ಫಸಲ್ ಅಂದರೆ ಕನ್ನಡದಲ್ಲಿ ಹೊಲದ ಬೆಳೆ ಎಂದು ಅವರು ಆ ದಿನ ವೀಣಾಳಿಂದ ಕಲಿತರಂತೆ. ಈ ಶಾಲೆಯಲ್ಲಿ ಎರಡೂ ಬಗೆಯ ಫಸಲು ಚೆನ್ನಾಗಿದೆ ಅಂದರಂತೆ.

ಆಮೇಲೆ ನನ್ನ ಸರದಿ. ನಲವತ್ತಮೂರು ಮಕ್ಕಳು ಕಾತರದಿಂದ ಕಾಯುತ್ತಿದ್ದರು. ನಾನು ಎದ್ದು ನಿಂತೆ. ಪಕ್ಕದಲ್ಲಿದ್ದ ಶಾಂತಾ ಕಡೆ ತಿರುಗಿ, ಅಪ್ಪಟ ಧಾರವಾಡದ ಕನ್ನಡದಲ್ಲಿ ಹೇಳಿದೆ: "ಎಂಥಾ ಫಜೀತಿ ಆತಲಾ ಮಾರಾಯ್ತಿ."

ಅಧಿಕಾರಿ ತಟ್ಟನೆ ತಲೆ ಎತ್ತಿದರು.

"ಫಜೀಹಾ?" ಎಂದು ಕೇಳಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಮನಸಾರೆ ನಕ್ಕು, ಹೌದೆಂದು ತಲೆಯಾಡಿಸಿದರು. "ಐವಾ, ಐವಾ. ಫಜೀಹಾ."

ನಾನು ಮಗಳ ಕಡೆ ನೋಡಿದೆ. "ಸೇಮ್ ವರ್ಡ್, ಅಪ್ಪಾ," ಎಂದಳು. "ಸೇಮ್ ಮೀನಿಂಗ್ ಆಲ್ಸೋ."

ಹನ್ನೆರಡು ವರ್ಷದಲ್ಲಿ ನಾನಾಡಿದ ಅರಬ್ಬಿ ಒಬ್ಬ ಅರಬ್ಬನಿಗೆ ಸರಿಯಾಗಿ ಅರ್ಥವಾದದ್ದು ಅದೊಂದೇ ಸಲ.