ಮಾವ ತಂದ ಕೈಲಾಸದ ಪಟ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗಿಬರಲು ಎಷ್ಟು ಹೊತ್ತು ಬೇಕು? ಎತ್ತಿನ ಗಾಡಿಯಲ್ಲಿ ಎರಡು ದಿನ ಅನ್ನುತ್ತೀರಿ. ನಮ್ಮ ಸೋದರಮಾವನಿಗೆ ಒಂದೂವರೆ ವರ್ಷ ಬೇಕಾಯಿತು. ಹಿಮಾಲಯ ಸುತ್ತಿಕೊಂಡು ಬಂದರು ನೋಡಿ!

ಮಾವ ಮೈಸೂರಿನ ಫೋಟೋ ಅಂಗಡಿಯೊಂದರಲ್ಲಿ ಕೆಲಸ ಕಲಿತವರು. ಆದರೆ ಮನುಷ್ಯರ ಪಟ ಹಿಡಿಯುವುದೆಂದರೆ ಅವರಿಗಾಗದು. ಒಮ್ಮೆ ಮನೆಯವರೆಲ್ಲ ಜರಿಪೇಟ, ರೇಷ್ಮೆಸೀರೆಯಲ್ಲಿ ಅಂಗಳದಲ್ಲಿ ಸಾಲಾಗಿ ನಿಂತರೆ, ಈ ಪುಣ್ಯಾತ್ಮ ಕ್ಯಾಮರಾವನ್ನು ದೂರದ ಚಾಮುಂಡಿಬೆಟ್ಟಕ್ಕೆ ತಿರುಗಿಸಿದರು. ಕೇಳಿದ್ದಕ್ಕೆ, "ಬೆಟ್ಟ ಅಲ್ಲಾಡಲ್ಲ, ನೀವು ಅಲ್ಲಾಡ್ತೀರಿ" ಎಂದರು.

ನರಸೀಪುರದ ನೆಂಟರ ಮದುವೆಗೆಂದು ಹೊರಟವರು ಮದುವೆಮನೆ ಸೇರಲೇ ಇಲ್ಲ. ಹೊಳೆಪಾಲಾದನೆಂದು ಅವರ ತಾಯಿ, ಅಂದರೆ ನಮ್ಮಜ್ಜಿ, ಅತ್ತು ಅತ್ತು ಬತ್ತಿಹೋದರು. ಆಮೇಲೊಂದು ಮಧ್ಯಾಹ್ನ ಬಾಗಿಲಲ್ಲಿ ಗಡ್ಡದ ಆಸಾಮಿಯೊಬ್ಬ ಬಂದು ನಿಂತ. ಭಿಕ್ಷೆ ಹಾಕಲು ಅಜ್ಜಿ ಮೊರದಲ್ಲಿ ರಾಗಿ ತಂದರು. "ನಾನು ಕಣವ್ವ" ಅಂದಾಗ ಮೊರ ಕೈಜಾರಿತು.

ಆದದ್ದಿಷ್ಟು. ಹಿಮಾಲಯದ ಪಟ ತೆಗೆಯಲು ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನಿಗೆ ಪಟ ಮೂಡಿಸುವ ಗಾಜಿನ ಪ್ಲೇಟುಗಳನ್ನು ಒಡೆಯದೆ ಹೊರುವ ಆಳು ಬೇಕಿತ್ತು. ಅಂಗಡಿಯ ಯಜಮಾನರು ಹೇಳಿದ್ದೇ ತಡ, ಮಾವ ರೈಲು ಹತ್ತಿದ್ದರು. ಮನೆಗೆ ಹೇಳಿದರೆ ಅವ್ವ ಬಿಡುತ್ತಿರಲಿಲ್ಲವಂತೆ, ಅದಕ್ಕೇ ಮದುವೆಯ ನೆಪ. ಕಾಗದವಾದರೂ ಬರೆಯಬಾರದಿತ್ತೇ ಎಂದರೆ, ಅಂಚೆಯವನು ಅಷ್ಟು ಎತ್ತರ ಹತ್ತುವುದಿಲ್ಲವಂತೆ!

ತಂದದ್ದು ಒಂದೇ ಪಟ, ಹಿಮದ ಬೆಟ್ಟದ್ದು. ಕೈಲಾಸದ ಸೀಮೆಯೇ ಇದು ಎಂದರು. ಇಡೀ ಕೇರಿ ಬಂದು ನೋಡಿ ದಂಗಾಯಿತು. ಶಿವನಿಲ್ಲ, ಪಾರ್ವತಿಯಿಲ್ಲ, ನಂದಿಯೂ ಇಲ್ಲ! ನಂಜುಂಡನ ಊರಿನವರು ಇದನ್ನು ಸಹಿಸುವುದುಂಟೆ? ಶಿವ ಎಲ್ಲಿ ಎಂದು ಪಕ್ಕದ ಮನೆಯ ಗೌಡರು ಕೇಳಿದರು. ತಾನಿದ್ದಷ್ಟು ದಿನವೂ ಕಾಣಲಿಲ್ಲ ಎಂದರು ಮಾವ.

"ನಿನ್ನ ಕಂಡು ಎದ್ದೋಗಿರ್ಬೇಕು ಕಣ್ಲಾ" ಎಂದರು ಗೌಡರು.

ನಮ್ಮೂರ ನಾಟಕದ ಪರದೆಯ ಮೇಲಿನ ಕೈಲಾಸದಲ್ಲಿ ಅದುವರೆಗೆ ತೆಂಗಿನಮರಗಳಿದ್ದವು. ವಾರದೊಳಗೆ ಅವಕ್ಕೆಲ್ಲ ಸುಣ್ಣ ಬಿತ್ತು. ಬರಿಮೈಯ ಶಿವನ ಪಾತ್ರಧಾರಿ ಆ ಪರದೆ ಕಂಡೇ ನಡುಗಿ ಕಂಬಳಿ ಕೇಳಿದನಂತೆ!

ಅಜ್ಜಿ ಮಾತ್ರ ಪಟದತ್ತ ಸುಳಿದಿರಲಿಲ್ಲ. ಮಗನೊಡನೆ ಮಾತೂ ಬಿಟ್ಟಿದ್ದರು. ಒಂದು ದಿನ ತಾವಾಗಿಯೇ ಅದನ್ನು ಕೈಗೆತ್ತಿಕೊಂಡು, ಬಿಳುಪಿನ ನಡುವೆ ಎಳ್ಳುಕಾಳಿನಷ್ಟಿದ್ದ ಕರಿಚುಕ್ಕೆ ಏನೆಂದು ಕೇಳಿದರು. ಬೆಟ್ಟ ಎಷ್ಟು ದೊಡ್ಡದೆಂದು ನೋಡಿದವರಿಗೆ ತಿಳಿಯಲಿ ಎಂದು ದೊರೆ ತನ್ನನ್ನೇ ಅಲ್ಲಿ ನಿಲ್ಲಿಸಿದ್ದ ಎಂದರು ಮಾವ.

ಅಜ್ಜಿ ಆ ಚುಕ್ಕೆಯನ್ನು ಬೆರಳಿನಿಂದ ಸವರಿದರು.

"ಕಾಲಿಗೇನಾಕಿದ್ದೆ, ಮಗ?"

ಮಾವ ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡರು. ದೊರೆ ಕೊಟ್ಟದ್ದೆಂದು ಜಂಬದಿಂದ ಮನೆಯೊಳಗೂ ಬಿಚ್ಚದ ಕಾಲುಚೀಲ. ಅಜ್ಜಿ ಬಿಡದೆ ಕಿತ್ತು ತೆಗೆದರು. ಬಲಗಾಲಿನಲ್ಲಿ ಎರಡು ಬೆರಳಿರಲಿಲ್ಲ. ಹಿಮಕ್ಕೆ ಸತ್ತು ಉದುರಿಹೋಗಿದ್ದವು.

ಅಜ್ಜಿ ಒಂದೂವರೆ ವರ್ಷ ಕೂಡಿಟ್ಟಿದ್ದ ಬೈಗುಳದಲ್ಲಿ ಒಂದೂ ಹೊರಬರಲಿಲ್ಲ. ಆ ಕಾಲನ್ನು ಮಡಿಲಿಗಿಟ್ಟುಕೊಂಡು, ಸೆರಗು ಹೊದಿಸಿ, ಬೆಚ್ಚಗಾಗಲಿ ಎಂದು ಉಜ್ಜುತ್ತಾ ಕೂತರು. ಹೊರಗೆ ಚೈತ್ರದ ಬಿಸಿಲು ಸುಡುತ್ತಿತ್ತು.